ಸಮ್ಮೋಹನಾಸ್ತ್ರವೂ ನಮ್ಮಣ್ಣನ ತೋಳೂ

ವಿರಾಟಪರ್ವವನ್ನು ತರಗತಿಯಲ್ಲಿ ಪಾಠ ಹೇಳುವಾಗ ಪ್ರತಿವರ್ಷವೂ ನಾನು ಒಂದು ಸ್ಥಳದಲ್ಲಿ ತುಸು ತಡೆದು ನಿಲ್ಲುವುದುಂಟು. ಗೋಗ್ರಹಣದ ಕಾಳಗದಲ್ಲಿ ಅರ್ಜುನನು ಸಮ್ಮೋಹನಾಸ್ತ್ರವನ್ನು ಪ್ರಯೋಗಿಸುತ್ತಾನೆ. ಕೌರವಸೇನೆಯ ಮಹಾರಥರೆಲ್ಲ ಬಿಲ್ಲುಗಳನ್ನು ಕೈಬಿಟ್ಟು ಮೈಮರೆಯುತ್ತಾರೆ. ಉತ್ತರಕುಮಾರನು ರಥದಿಂದಿಳಿದು ಅವರ ಬಣ್ಣಬಣ್ಣದ ವಸ್ತ್ರಗಳನ್ನು ಸೆಳೆದುಕೊಂಡು ಬರುತ್ತಾನೆ. ಆದರೆ ಭೀಷ್ಮನೊಬ್ಬನ ಬಳಿ ಸುಳಿಯಬೇಡವೆಂದು ಅರ್ಜುನನು ಅವನನ್ನು ಮೊದಲೇ ಎಚ್ಚರಿಸಿರುತ್ತಾನೆ. ಆ ಅಸ್ತ್ರದ ಮರ್ಮವನ್ನು ಬಲ್ಲ ಪಿತಾಮಹನಿಗೆ ಅದು ತಟ್ಟದು.

ಕಳೆದ ವರ್ಷ ಈ ಪ್ರಸಂಗವನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಸ್ತ್ರ ತಟ್ಟಿದವರ ಮಿದುಳಿನಲ್ಲಿ ಏನಾಗಿರುತ್ತದೆ? ಭೀಷ್ಮರಿಗೆ ಮಾತ್ರ ಏಕೆ ಆಗಲಿಲ್ಲ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಕುರುಕ್ಷೇತ್ರದ ವೀರರಾರೂ ಅಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನೆಟ್ಟಗೆ ಚಾಚಿ ನಿಂತಿದ್ದ, ಮಡಿಸಲು ಬಾರದೆ ನಡುಗುತ್ತಿದ್ದ ನಮ್ಮಣ್ಣನ ಬಲದೋಳು.

ಅದು 1991ನೆಯ ಇಸವಿಯ ಮಾತು. ಹಾಸನ ಜಿಲ್ಲೆಯ ನಮ್ಮ ಊರಿನ ಶಾಲೆಯಲ್ಲಿ ವಾರ್ಷಿಕೋತ್ಸವ. ಆ ಸಂಜೆ ವಿದ್ಯುತ್ತು ಕೈಕೊಟ್ಟಿದ್ದರಿಂದ ವೇದಿಕೆಗೆ ಗ್ಯಾಸ್‌ಲೈಟುಗಳನ್ನು ತೂಗುಹಾಕಿದ್ದರು. ಪರಸ್ಥಳದಿಂದ ಬಂದಿದ್ದ ಜಾದೂಗಾರರೊಬ್ಬರು ಇಸ್ಪೀಟಿನ ಆಟ, ಪಾರಿವಾಳದ ಆಟಗಳೆಲ್ಲ ಮುಗಿದ ಮೇಲೆ "ಹಿಪ್ನಾಟಿಸಂ" ತೋರಿಸುವೆನೆಂದು ಹೇಳಿ ಎಂಟು ಹತ್ತು ಹುಡುಗರನ್ನು ಮೇಲಕ್ಕೆ ಕರೆದರು. ಅವರಲ್ಲಿ ನಮ್ಮಣ್ಣನೂ ಒಬ್ಬ. ಅವನಿಗೆ ಆಗ ಹದಿನಾರು ವರ್ಷ, ನನಗೆ ಹತ್ತು. ಕೈಬೆರಳುಗಳನ್ನು ಹೆಣೆಸಿ, ಕಣ್ಣು ಮುಚ್ಚಿಸಿ, ಏನೇನೋ ಪರೀಕ್ಷೆ ಮಾಡಿ ಅವರು ಒಬ್ಬೊಬ್ಬರನ್ನಾಗಿ ಕೆಳಕ್ಕೆ ಕಳುಹಿಸಿದರು, ಉಳಿದವನು ಅಣ್ಣನೊಬ್ಬನೇ. "ನಿನ್ನ ತೋಳು ಕಬ್ಬಿಣದ ಸಲಾಕಿ, ಇನ್ನು ಮಡಿಸಲಾರೆ" ಎಂದರು. ಅಣ್ಣ ಮಡಿಸಲು ಹೆಣಗಿದ, ಮುಖ ಕೆಂಪಡರಿತು, ತೋಳು ಬಾಗಲಿಲ್ಲ. ಅನಂತರ ಒಂದು ಹಸಿ ಈರುಳ್ಳಿಯನ್ನು ಅವನ ಕೈಗಿತ್ತು, "ಕಾಶ್ಮೀರದ ಸೇಬು, ತಿನ್ನು" ಎಂದರು. ಅವನು ಸಿಪ್ಪೆಸಹಿತ ಕಚ್ಚಿ, ಚಪ್ಪರಿಸಿ, ಅರ್ಧಕ್ಕಿಂತ ಹೆಚ್ಚನ್ನು ತಿಂದ. ಬಯಲೆಲ್ಲ ನಗೆಯ ಹೊನಲಾಯಿತು. ನಾನೂ ನಕ್ಕೆ.

ಆ ನಗೆ ಅಂದಿನ ರಾತ್ರಿಗೆ ಮುಗಿಯಲಿಲ್ಲ. ಮರುದಿನದಿಂದ ಊರಿಗೆಲ್ಲ ಅವನು 'ಈರುಳ್ಳಿ'ಯಾದ. "ಇವನಿಗೆ ಮನಸ್ಸು ಗಟ್ಟಿಯಿಲ್ಲ, ಯಾರು ಏನು ಹೇಳಿದರೂ ಕೇಳುತ್ತಾನೆ" ಎಂದು ತಂದೆಯವರು ಬಂದವರೆದುರಿಗೆಲ್ಲ ಹೇಳಿದರು. "ಎಲ್ಲ ಸೋಗು, ಆ ಜಾದೂಗಾರನಿಂದ ಮೊದಲೇ ಐದು ರೂಪಾಯಿ ಈಸಿಕೊಂಡಿದ್ದ" ಎಂದು ಅವನ ಸಹಪಾಠಿಗಳೆಂದರು. ಹೀಗೆ ಒಂದೇ ತಪ್ಪಿಗೆ ಎರಡು ಪರಸ್ಪರ ವಿರುದ್ಧವಾದ ಆಪಾದನೆಗಳು: ಒಂದು, ಅವನು ಪೆದ್ದ, ಇನ್ನೊಂದು, ಅವನು ಕಪಟಿ. ನಾನು ಮಾಡಿದ್ದು ಇನ್ನೂ ಹೀನವಾದದ್ದು. ಗೆಳೆಯರು ಕೇಳಿದಾಗಲೆಲ್ಲ ತೋಳು ಚಾಚಿ, ಮುಖ ಕೆಂಪಗೆ ಮಾಡಿ, ಅಣ್ಣನನ್ನು ಅಣಕಿಸಿ ತೋರಿಸುತ್ತಿದ್ದೆ. ಒಂದು ದಿನ ಹಿತ್ತಿಲ ಬಾಗಿಲಲ್ಲಿ ನಿಂತು ಅವನು ಅದನ್ನು ನೋಡಿದ. ಏನೂ ಅನ್ನಲಿಲ್ಲ, ಒಳಕ್ಕೆ ಹೋದ. ಅಂದಿನಿಂದ ಅವನು ಯಾವ ವೇದಿಕೆಯನ್ನೂ ಹತ್ತಿದ್ದಿಲ್ಲ. ಅವನು ಈಗ ಊರಿನಲ್ಲಿಯೇ ದಿನಸಿ ಅಂಗಡಿ ಇಟ್ಟುಕೊಂಡಿದ್ದಾನೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ನಮ್ಮಿಬ್ಬರ ನಡುವೆ ಆ ಮಾತು ಬಂದಿರಲಿಲ್ಲ. ಆ ಹುಡುಗಿಯ ಪ್ರಶ್ನೆಯಾದ ಕೆಲವು ದಿನಗಳಿಗೆ ಯುಗಾದಿಗೆಂದು ಊರಿಗೆ ಹೋಗಿದ್ದೆ. ರಾತ್ರಿ ಜಗುಲಿಯಲ್ಲಿ ಕುಳಿತಿದ್ದಾಗ ತರಗತಿಯ ಕಥೆಯನ್ನು ಸುಮ್ಮನೆ ಹೇಳಿದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲೋ, ನೀನು ಓದಿದೋನು, ಹೇಳು. ಅವತ್ತು ನಾನು ನಾಟಕ ಆಡಿದ್ನಾ? ಮಡಿಸಬೇಕು ಅಂತ ಮನಸ್ಸಿತ್ತು, ಕೈ ಬರಲಿಲ್ಲ. ಆದರೂ ಒಳಗೆಲ್ಲೋ ಒಬ್ಬ ಕೂತು ನೋಡ್ತಾ ಇದ್ದ ಹಾಗಿತ್ತು. ನನಗೇ ಗೊತ್ತಿಲ್ಲ ಕಣೋ" ಎಂದ.

ಕನ್ನಡ ಎಂ.ಎ. ಮಾಡಿದವನಿಗೆ ಮಿದುಳಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಲೇಖನಕ್ಕೆ ಕಾರಣ ಪಾಂಡಿತ್ಯವಲ್ಲ, ಋಣ. ಅಣ್ಣನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಈ ಒಂದು ವರ್ಷ ಓದಿದ್ದರ ಸಾರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಸಮ್ಮೋಹನದ ಆಧುನಿಕ ಚರಿತ್ರೆ ಹದಿನೆಂಟನೆಯ ಶತಮಾನದಲ್ಲಿ ಮೊದಲಾಗುತ್ತದೆ. ಫ್ರಾಂಟ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯನು ಜೀವಿಗಳಲ್ಲಿ ಹರಿಯುವ ಒಂದು ಸೂಕ್ಷ್ಮದ್ರವವಿದೆಯೆಂದೂ, ಅದನ್ನು ತಾನು ನಿಯಂತ್ರಿಸಿ ರೋಗಗಳನ್ನು ಗುಣಪಡಿಸಬಲ್ಲೆನೆಂದೂ ಸಾರಿದನು. ವಿಯೆನ್ನಾದಿಂದ ಅವನು 1778ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಶ್ರೀಮಂತರು ಅವನ ಮನೆಬಾಗಿಲಲ್ಲಿ ಕಿಕ್ಕಿರಿದರು. 1784ರಲ್ಲಿ ಹದಿನಾರನೆಯ ಲೂಯಿ ದೊರೆಯು ಇದರ ವಿಚಾರಣೆಗೆ ನೇಮಿಸಿದ ಮಂಡಲಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವಾಸಿಯೆ ಮೊದಲಾದವರಿದ್ದರು. ಅವರು ನಡೆಸಿದ ಪರೀಕ್ಷೆ ಸರಳವೂ ಸ್ವಾರಸ್ಯವೂ ಆದದ್ದು. ಫ್ರಾಂಕ್ಲಿನ್ನನ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರನ ಶಿಷ್ಯನಿಂದ 'ಶಕ್ತಿ' ತುಂಬಿಸಿ, ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಹುಡುಗನು ಮೂರ್ಛೆ ಹೋದನು, ಆದರೆ ಶಕ್ತಿ ತುಂಬದಿದ್ದ ಬೇರೊಂದು ಮರದ ಬಳಿ! ದ್ರವವೂ ಇಲ್ಲ, ಶಕ್ತಿಯೂ ಇಲ್ಲ. ಎಲ್ಲವೂ ಕಲ್ಪನೆಯ ಕೆಲಸವೆಂದು ಮಂಡಲಿಯು ತೀರ್ಪಿತ್ತಿತು.

ತೀರ್ಪು ಸರಿಯಾದದ್ದೇ. ಆದರೆ 'ಬರಿಯ ಕಲ್ಪನೆ' ಎಂದುಬಿಟ್ಟರೆ ಮಾತು ಮುಗಿಯಿತೆ? ಹುಡುಗ ಮೂರ್ಛೆ ಹೋದದ್ದಂತೂ ದಿಟವಷ್ಟೆ? ಕಲ್ಪನೆಗೆ ಒಬ್ಬನನ್ನು ನೆಲಕ್ಕೆ ಕೆಡಹುವ ಬಲ ಎಲ್ಲಿಂದ ಬಂತು? ಕಾವ್ಯವನ್ನು ಪಾಠ ಹೇಳಿ ಬದುಕುವ ನನ್ನಂಥವನಿಗೆ 'ಬರಿಯ ಕಲ್ಪನೆ' ಎಂಬ ಮಾತೇ ರುಚಿಸದು.

ಮುಂದೆ 1841ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡನು ಇಂಥದೊಂದು ಪ್ರದರ್ಶನವನ್ನು ನೋಡಿ, ಮೋಸವನ್ನು ಬಯಲಿಗೆಳೆಯಬೇಕೆಂದುಕೊಂಡವನು ತಾನೇ ಅದರ ಅಭ್ಯಾಸಿಯಾದನು. ದ್ರವದ ಕಲ್ಪನೆಯನ್ನು ಕೈಬಿಟ್ಟು, ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ಅದಕ್ಕೊಂದು ಶಬ್ದವನ್ನು ಟಂಕಿಸಿದನು. 'ಹಿಪ್ನಾಟಿಸಂ' ಬಂದದ್ದು ಹಾಗೆ. ಇದು ನಿದ್ರೆಯಲ್ಲ, ಒಂದೇ ಭಾವನೆಯಲ್ಲಿ ಚಿತ್ತವು ನೆಲೆಗೊಂಡ ಸ್ಥಿತಿಯೆಂದು ಅವನಿಗೇ ಅನಂತರ ಹೊಳೆದು ಹೆಸರನ್ನು ಬದಲಿಸಹೊರಟನು. ಆದರೆ ಒಮ್ಮೆ ರೂಢಿಗೆ ಬಂದ ಶಬ್ದ ಒಡೆಯನ ಮಾತನ್ನು ಕೇಳುವುದಿಲ್ಲವೆಂಬುದು ಭಾಷಾಶಾಸ್ತ್ರ ಬಲ್ಲವರಿಗೆಲ್ಲ ಗೊತ್ತು.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪಾಲುಂಟು. ಬಂಗಾಳದ ಹೂಗ್ಲಿಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಎಸ್‌ಡೇಲನು 1845ರಲ್ಲಿ ಸೆರೆಯಾಳೊಬ್ಬನನ್ನು ಸಮ್ಮೋಹನಕ್ಕೆ ಒಳಪಡಿಸಿ ಶಸ್ತ್ರಚಿಕಿತ್ಸೆ ನಡೆಸಿದನು. ಅರಿವಳಿಕೆಯ ಔಷಧವೇ ಇಲ್ಲದಿದ್ದ ಕಾಲವದು. ಅನಂತರ ಅದೇ ಕ್ರಮದಿಂದ ಅವನು ಅನೇಕ ದೊಡ್ಡ ಶಸ್ತ್ರಕ್ರಿಯೆಗಳನ್ನು ಮಾಡಿ, ಮರುವರ್ಷವೇ ಅದನ್ನು ಕುರಿತು ಪುಸ್ತಕ ಬರೆದನು. ಆದರೆ 1846ರಲ್ಲಿ ಬಾಸ್ಟನ್ನಿನಲ್ಲಿ ಈಥರೂ 1847ರಲ್ಲಿ ಎಡಿನ್‌ಬರೋದಲ್ಲಿ ಕ್ಲೋರೋಫಾರಮ್ಮೂ ಬಂದ ಮೇಲೆ ಸಮ್ಮೋಹನವು ಆಸ್ಪತ್ರೆಯಿಂದ ಹೊರಬಿದ್ದು ಜಾದೂಗಾರರ ಕೈಸೇರಿತು. ಆ ದಾರಿಯಲ್ಲಿಯೇ ಅದು ನಮ್ಮ ಶಾಲೆಯ ಬಯಲಿಗೂ ಬಂದಿರಬೇಕು.

ಇನ್ನು ಮಿದುಳಿನ ವಿಚಾರ. ಜರ್ಮನಿಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದ ಮೇಲೆ ಒಂದು ಹಳೆಯ ಜಿಜ್ಞಾಸೆಗೆ ಪರಿಹಾರ ದೊರೆಯುವ ದಾರಿಯಾಯಿತು. ಸಮ್ಮೋಹಿತನ ಮಿದುಳಿನ ತರಂಗಗಳು ನಿದ್ರಿಸುವವನವಂತಿರದೆ ಎಚ್ಚರವಿರುವವನವಂತೆಯೇ ಇರುತ್ತವೆ. ಅಂದಮೇಲೆ ಅಂದು ವೇದಿಕೆಯ ಮೇಲೆ ನಮ್ಮಣ್ಣ ಮಲಗಿರಲಿಲ್ಲ, ಎಚ್ಚರವಾಗಿಯೇ ಇದ್ದ. ಹಾಗಾದರೆ ತೋಳೇಕೆ ಮಡಿಸಲಿಲ್ಲ?

ಇದಕ್ಕೆ ಉತ್ತರ ಸಿಗಬೇಕಾದರೆ, ಮಿದುಳಿನ ಯಾವ ಭಾಗ ಯಾವಾಗ ದುಡಿಯುತ್ತಿದೆಯೆಂಬುದನ್ನು ಚಿತ್ರವಾಗಿ ತೋರಿಸುವ ಯಂತ್ರಗಳು ಬರಬೇಕಾಯಿತು. ದುಡಿಯುವ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಪಿ.ಇ.ಟಿ. ಮತ್ತು ಎಂ.ಆರ್.ಐ. ಯಂತ್ರಗಳು ಆ ಏರಿಳಿತವನ್ನು ಹಿಡಿದು ತೋರಿಸುತ್ತವೆ. 1997ರಲ್ಲಿ ಮಾಂಟ್ರಿಯಲ್ಲಿನ ಪಿಯರ್ ರೇನ್‌ವಿಲ್ ಮತ್ತು ಸಂಗಡಿಗರು ಸಮ್ಮೋಹಿತರ ಕೈಯನ್ನು 47 ಡಿಗ್ರಿ ಸೆಲ್ಸಿಯಸ್ಸಿನ ಬಿಸಿನೀರಿನಲ್ಲಿ ಇರಿಸಿ, "ನೋವು ಇದ್ದರೂ ಅಷ್ಟೇನೂ ಅಸಹನೀಯವಲ್ಲ" ಎಂಬ ಭಾವನೆಯನ್ನು ಒಮ್ಮೆ ಸೂಚಿಸಿದರು. ಇನ್ನೊಮ್ಮೆ ಅದಕ್ಕೆ ವಿರುದ್ಧವಾದ ಭಾವನೆಯನ್ನು ಸೂಚಿಸಿದರು. ನೀರಿನ ಕಾವು ಬದಲಾಗಲಿಲ್ಲ. ಸ್ಪರ್ಶವನ್ನು ಮೊದಲು ಗ್ರಹಿಸುವ ಮಿದುಳಿನ ಪಟ್ಟಿಯಲ್ಲಿಯೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ಸಿಂಗ್ಯುಲೇಟ್ ಎಂಬ ಭಾಗದ ಮುಂದಣ ಪ್ರದೇಶ. ಆ ಲ್ಯಾಟಿನ್ ಹೆಸರಿಗೆ ಡಾಬು, ನಡುಕಟ್ಟು ಎಂದರ್ಥ. ನಾವು ಮೇಖಲೆ ಎನ್ನೋಣ. ನೋವನ್ನು 'ಅಯ್ಯೋ' ಎನ್ನುವ ಸಂಕಟವಾಗಿ ಮಾಡುವುದರಲ್ಲಿ ಈ ಮೇಖಲೆಗೆ ದೊಡ್ಡ ಪಾತ್ರವುಂಟು. ಅದೇ ಬಳಗದವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಸಹನೆಯನ್ನು ಬಿಟ್ಟು ನೋವಿನ ತೀವ್ರತೆಯೇ ಕಡಿಮೆಯೆಂದು ಸೂಚಿಸಿದಾಗ, ಸ್ಪರ್ಶದ ಪಟ್ಟಿಯೇ ಬದಲಾಯಿತು. ಮಾತಿನ ಅರ್ಥ ಬೇರೆಯಾದರೆ ಮಿದುಳಿನಲ್ಲಿ ಅದು ತಲಪುವ ತಾಣವೂ ಬೇರೆಯಾಗುತ್ತದೆ! ಶಬ್ದಶಕ್ತಿಯನ್ನು ಕುರಿತು ನಮ್ಮ ಆಲಂಕಾರಿಕರು ಇಷ್ಟೊಂದು ಬರೆದಿದ್ದರೂ ಇಂಥ ಉದಾಹರಣೆ ಅವರಿಗೆ ದೊರೆತಿರಲಿಲ್ಲ.

ಈರುಳ್ಳಿಯ ವಿಚಾರಕ್ಕೆ ಸಮೀಪದ ಪ್ರಯೋಗವೊಂದನ್ನು ಸ್ಟೀಫನ್ ಕಾಸ್ಲಿನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಸುಲಭವಾಗಿ ಸಮ್ಮೋಹಿತರಾಗುವ ಎಂಟು ಮಂದಿಗೆ ಬೂದುಬಣ್ಣದ ಚಿತ್ತಾರವನ್ನು ತೋರಿಸಿ, ಅದನ್ನು ಬಣ್ಣಬಣ್ಣವಾಗಿ ಕಾಣಿರೆಂದರು. ಬಣ್ಣದ್ದನ್ನು ತೋರಿಸಿ ಬೂದಿಯಾಗಿ ಕಾಣಿರೆಂದರು. ಸಮ್ಮೋಹನದಲ್ಲಿದ್ದಾಗ ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಇರುವ ವರ್ಣಗ್ರಹಣದ ಪ್ರದೇಶಗಳು ಕಣ್ಣ ಮುಂದಿದ್ದುದನ್ನು ಬಿಟ್ಟು ಕಿವಿಗೆ ಬಿದ್ದ ಮಾತನ್ನು ಅನುಸರಿಸಿದವು. ಸಮ್ಮೋಹನವಿಲ್ಲದೆ ಬರಿದೆ ಊಹಿಸಿಕೊಳ್ಳಿರೆಂದಾಗ ಬಲಪಾರ್ಶ್ವದ್ದು ಮಾತ್ರ ಹಾಗೆ ಅನುಸರಿಸಿತು. ಬಣ್ಣಕ್ಕೆ ಹೀಗಾಗುವುದಾದರೆ ರುಚಿಗೂ ಹೀಗಾಗಬಾರದೇಕೆ? ಇದು ನನ್ನ ಊಹೆಯಷ್ಟೆ. ಆದರೆ ಸಿಪ್ಪೆಸಹಿತ ಅಗಿದ ಅಣ್ಣನ ಮುಖವನ್ನು ನಾನು ಹತ್ತಿರದಿಂದ ಕಂಡವನು. ಅದು ಸೋಗು ಹಾಕಿದವನ ಮುಖವಾಗಿರಲಿಲ್ಲ.

ತೋಳಿನ ವಿಷಯವಾಗಿ ಊಹೆಯ ಅವಶ್ಯಕತೆಯೇ ಇಲ್ಲ. ಜಿನೀವಾದಲ್ಲಿ ಯಾನ್ ಕೋಜನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವು ಅಣ್ಣನ ಪ್ರಶ್ನೆಯನ್ನೇ ಕೇಳಿಕೊಂಡು ನಡೆಸಿದಂತಿದೆ. ಕೆಲವರಿಗೆ ಎಡಗೈ ಸ್ವಾಧೀನ ತಪ್ಪಿದೆಯೆಂದು ಸಮ್ಮೋಹನದಲ್ಲಿ ಸೂಚಿಸಿದರು. ಇನ್ನು ಕೆಲವರಿಗೆ ಸಮ್ಮೋಹನವಿಲ್ಲದೆ, ಸ್ವಾಧೀನ ತಪ್ಪಿದವರಂತೆ ನಟಿಸಿರೆಂದು ಹೇಳಿದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಕೈ ಅಲುಗದು. ಮಿದುಳಿನೊಳಗೆ ಹಾಗಲ್ಲ. ನಟಿಸಿದವರಲ್ಲಿ, ಕ್ರಿಯೆಯನ್ನು ಬೇಕೆಂದೇ ತಡೆಹಿಡಿಯುವ ಬಲಮುಂಭಾಗದ ಪ್ರದೇಶಗಳು ಚುರುಕಾದವು. 'ಮಾಡಬೇಡ' ಎಂದು ಒಳಗೆ ಯಾರೋ ಲಗಾಮು ಜಗ್ಗಿ ಹಿಡಿದಂತೆ. ಸಮ್ಮೋಹಿತರಲ್ಲಿ ಆ ಪ್ರದೇಶಗಳು ಕೈಯ ತಡೆಗೆ ತಕ್ಕಂತೆ ವರ್ತಿಸಲಿಲ್ಲ. ಅವರ ಮಿದುಳಿನಲ್ಲಿ ಕೈಯನ್ನಾಡಿಸುವ ಭಾಗವು ಎಂದಿನಂತೆ ಸಿದ್ಧವಾಯಿತು, ಎಂದರೆ ಸಂಕಲ್ಪವಿತ್ತು. ಆದರೆ ಅದೇ ಹೊತ್ತಿಗೆ, ಮನಸ್ಸಿನ ಚಿತ್ರಗಳಿಗೂ 'ನಾನು' ಎಂಬ ಅರಿವಿಗೂ ಸಂಬಂಧಿಸಿದ ಪ್ರಿಕ್ಯೂನಿಯಸ್ ಎಂಬ ಹಿಂಭಾಗದ ಪ್ರದೇಶವು ಚುರುಕಾಗಿ, ಕೈಯ ಭಾಗದೊಡನೆ ಹೆಚ್ಚಿನ ನಂಟನ್ನು ಬೆಳೆಸಿಕೊಂಡಿತು. ಕೈಯನ್ನು ಹಿಡಿದಿದ್ದು ಕಪಟದ ಲಗಾಮಲ್ಲ. 'ನನ್ನ ಕೈ ಬಾರದು' ಎಂಬ, ತನ್ನನ್ನೇ ಕುರಿತ ಒಂದು ಚಿತ್ರ.

"ಮಡಿಸಬೇಕು ಅಂತ ಮನಸ್ಸಿತ್ತು, ಕೈ ಬರಲಿಲ್ಲ." ಅಣ್ಣನ ಮಾತನ್ನು ವಾಚಕರು ಮತ್ತೊಮ್ಮೆ ನೆನೆಯಬೇಕು. ಜಿನೀವಾದ ಯಂತ್ರ ಹೇಳಿದ್ದನ್ನು ದಿನಸಿ ಅಂಗಡಿಯ ಮನುಷ್ಯ ಜಗುಲಿಯ ಮೇಲೆ ಕುಳಿತು ಅಷ್ಟೇ ಸ್ಪಷ್ಟವಾಗಿ ಹೇಳಿದ್ದ. ಒಳಗೆ ಒಬ್ಬ ಕುಳಿತು ನೋಡುತ್ತಿದ್ದನೆಂಬ ಮಾತೂ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ನೆಸ್ಟ್ ಹಿಲ್‌ಗಾರ್ಡರು ಎಪ್ಪತ್ತರ ದಶಕದಲ್ಲಿ ಇಂಥ 'ಮರೆಯಲ್ಲಿರುವ ಸಾಕ್ಷಿ'ಯನ್ನು ಕುರಿತು ಬಹಳ ಚರ್ಚಿಸಿದರು. ಅಂಥ ಸಾಕ್ಷಿ ನಿಜಕ್ಕೂ ಇರುವುದೋ, ಕೇಳಿದವರ ಪ್ರಶ್ನೆಯಿಂದಲೇ ಹುಟ್ಟುವುದೋ ಎಂಬ ವಾದ ಮುಗಿದಿಲ್ಲ.

ಸಮ್ಮೋಹನಕ್ಕೆ ಮಿದುಳಿನಲ್ಲಿ ಸಾಮಾನ್ಯವಾದ ಒಂದು ಗುರುತುಂಟೆ? 2016ರಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 545 ಮಂದಿಯನ್ನು ಪರೀಕ್ಷಿಸಿ, ಸಮ್ಮೋಹನಕ್ಕೆ ಬಹಳ ಸುಲಭವಾಗಿ ಒಳಗಾಗುವ 36 ಮಂದಿಯನ್ನೂ ಬಹಳ ಕಡಿಮೆ ಒಳಗಾಗುವ 21 ಮಂದಿಯನ್ನೂ ಆಯ್ದು ನೋಡಿದರು. ಮೊದಲಿನವರಲ್ಲಿ ಮೂರು ಬದಲಾವಣೆಗಳು ಕಂಡವು: ಮೇಖಲೆಯ ಮುಂಭಾಗದ ಚಟುವಟಿಕೆ ತಗ್ಗಿತು, ಎಂದರೆ ಸುತ್ತಲಿನದನ್ನು ಕುರಿತ ಕಾತರ ಇಳಿಯಿತು, ಕಾರ್ಯವನ್ನು ನಿರ್ದೇಶಿಸುವ ಮುಂಭಾಗಕ್ಕೂ ಮೈಯ ಒಳಸ್ಥಿತಿಯನ್ನು ಅರಿಯುವ ಇನ್ಸುಲಾ ಭಾಗಕ್ಕೂ ನಂಟು ಬಲಿಯಿತು, ಅದೇ ಮುಂಭಾಗಕ್ಕೂ, ತನ್ನನ್ನು ಕುರಿತು ಮೆಲುಕುಹಾಕುವ ಜಾಲಕ್ಕೂ ನಂಟು ಸಡಿಲವಾಯಿತು. ಮಾಡುವುದುಂಟು, 'ಮಾಡುತ್ತಿದ್ದೇನೆ' ಎಂಬ ಲೆಕ್ಕಾಚಾರವಿಲ್ಲ. ಆದರೆ ಎಲ್ಲ ಪ್ರಯೋಗಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಇದು ವಿಶೇಷವಾದ ಅವಸ್ಥೆಯೋ, ನಿರೀಕ್ಷೆ ಏಕಾಗ್ರತೆ ಕಲ್ಪನೆಗಳ ಕೂಟವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

ಹಾಗಾದರೆ ಭೀಷ್ಮನಿಗೇಕೆ ಅಸ್ತ್ರ ತಟ್ಟಲಿಲ್ಲ? ಆ ಹುಡುಗಿಗೆ ನಾನು ಈಗ ಹೇಳಬಲ್ಲ ಉತ್ತರ ಇಷ್ಟು. ಸಮ್ಮೋಹನಕ್ಕೆ ಒಳಗಾಗುವ ಗುಣವನ್ನು ಅಳೆಯುವ ಮಾನದಂಡಗಳನ್ನು ಹಿಲ್‌ಗಾರ್ಡರೂ ಸಂಗಡಿಗರೂ 1959ರಲ್ಲಿಯೇ ರೂಪಿಸಿದರು. ಕೆಲವರು ಬಹು ಸುಲಭವಾಗಿ ಒಳಗಾಗುತ್ತಾರೆ, ಕೆಲವರು ಒಳಗಾಗುವುದೇ ಇಲ್ಲ, ಬಹುಮಂದಿ ನಡುವೆ ಇರುತ್ತಾರೆ. ಒಂದು ಕಾಲಕ್ಕೆ ಅಳೆದ ಐವತ್ತು ಮಂದಿಯನ್ನು 25 ವರ್ಷಗಳ ಬಳಿಕ ಮತ್ತೆ ಅಳೆದಾಗಲೂ ಅವರವರ ಸ್ಥಾನ ಹೆಚ್ಚುಕಡಿಮೆ ಹಾಗೆಯೇ ಇತ್ತೆಂದು 1989ರಲ್ಲಿ ಪ್ರಕಟವಾಯಿತು. ಇದಕ್ಕೂ ಪೆದ್ದುತನಕ್ಕೂ ಸಂಬಂಧವಿಲ್ಲ. ಹಿಲ್‌ಗಾರ್ಡರ ಪತ್ನಿ ಜೋಸೆಫೀನರು ಗುರುತಿಸಿದಂತೆ, ಕಥೆ ಓದುತ್ತ ಲೋಕವನ್ನು ಮರೆಯುವವರು, ನಾಟಕದಲ್ಲಿ ತನ್ಮಯರಾಗುವವರು, ಕಲ್ಪನೆಯಲ್ಲಿ ಮುಳುಗಬಲ್ಲವರು ಇಂಥವರಲ್ಲಿ ಹೆಚ್ಚು.

ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹರಿಕಥೆಯಲ್ಲಿ ಚಂದ್ರಮತಿಯ ಪ್ರಲಾಪ ಬಂದರೆ ಹನ್ನೆರಡು ವರ್ಷದ ಅಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಗಮಕಿಗಳ ವಾಚನಕ್ಕೆ ಊಟ ಬಿಟ್ಟು ಓಡುತ್ತಿದ್ದ. ನನ್ನನ್ನು ಮೊದಲು ಅಲ್ಲಿಗೆ ಕೈಹಿಡಿದು ಕರೆದೊಯ್ದವನೂ ಅವನೇ. ನಾನು ಅಲ್ಲಿ ತೂಕಡಿಸುತ್ತಿದ್ದೆ. ಕಾವ್ಯಾನುಭವಕ್ಕೆ ತಾದಾತ್ಮ್ಯ ಬೇಕು, ಸಹೃದಯನಾದವನು ಕವಿಯ ಮಾತಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕು ಎಂದು ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ ಬೋಧಿಸುತ್ತಿರುವ ನಾನು, ಆ ಗುಣ ಹುಟ್ಟಿನಿಂದಲೇ ಇದ್ದವನನ್ನು ಬೀದಿಯಲ್ಲಿ ಅಣಕಿಸಿದ್ದೆ. ಆ ಜಾದೂಗಾರರು ಎಂಟು ಹತ್ತು ಹುಡುಗರಲ್ಲಿ ಆರಿಸಿ ಉಳಿಸಿಕೊಂಡದ್ದು ಪೆದ್ದನನ್ನಲ್ಲ, ಸಹೃದಯನನ್ನು. ಅವನ ಕೈಗೆ ಕೊಟ್ಟದ್ದು ಮಾತ್ರ ಈರುಳ್ಳಿಯನ್ನು.

ಬಲ್ಲವರ ಕೈಯಲ್ಲಿ ಈ ಗುಣದಿಂದ ಉಪಕಾರವೇ ಆಗುತ್ತದೆ. ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ಅರಿವಳಿಕೆಯ ವೈದ್ಯೆ ಮಾರೀ ಎಲಿಸಬೆತ್ ಫೇಮೊನ್‌ವಿಲ್ಲರು 1992ರಿಂದ ಮೊದಲುಗೊಂಡು ಸಮ್ಮೋಹನವನ್ನು ಸ್ಥಳೀಯ ಅರಿವಳಿಕೆಯೊಡನೆ ಸೇರಿಸಿ ಸಾವಿರಾರು ಶಸ್ತ್ರಚಿಕಿತ್ಸೆಗಳಲ್ಲಿ ಬಳಕೆಗೆ ತಂದರು. ಅಪಾಯವೂ ಇಲ್ಲದಿಲ್ಲ. ಸಮ್ಮೋಹನದಲ್ಲಿ ನೆನಪಾದದ್ದೆಲ್ಲ ನಿಜವೆಂದು ನಂಬಲಾಗದು. ನಡೆಯದಿದ್ದುದನ್ನೂ ನಡೆದಂತೆ ದೃಢವಾಗಿ ನಂಬಿಬಿಡುವುದುಂಟು. ಆದಕಾರಣ ಇದು ತರಬೇತು ಪಡೆದ ವೈದ್ಯರ ಮತ್ತು ಮನಶ್ಶಾಸ್ತ್ರಜ್ಞರ ಕೈಯಲ್ಲಿರಬೇಕಾದದ್ದು. ಹುಡುಗನೊಬ್ಬನನ್ನು ಊರೆದುರಿಗೆ ನಗೆಗೀಡುಮಾಡಲು ಬಳಸಬಾರದ್ದು.

ಕಳೆದ ತಿಂಗಳು ಊರಿಗೆ ಹೋಗಿ ಅಂಗಡಿಯಲ್ಲಿಯೇ ಅಣ್ಣನ ಎದುರಿಗೆ ಕುಳಿತು ಇದೆಲ್ಲವನ್ನೂ ಹೇಳಿದೆ. ಗಿರಾಕಿಗಳು ಬಂದಾಗ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಿ, ಮುಗಿಸಲು ಒಂದು ಗಂಟೆಯಾಯಿತು. ಕೊನೆಗೆ, "ಅಣ್ಣ, ನೀನು ನಾಟಕ ಆಡಲಿಲ್ಲ. ನಾಟಕ ಆಡಿದವನು ನಾನು. ಹಿತ್ತಿಲಲ್ಲಿ ನೀನು ನೋಡಿದೆಯಲ್ಲ, ಅದು ನಾಟಕ" ಎಂದೆ.

ಅವನು ತಕ್ಕಡಿಯಲ್ಲಿದ್ದ ಈರುಳ್ಳಿಯನ್ನು ಹುಡುಗನೊಬ್ಬನ ಚೀಲಕ್ಕೆ ಸುರಿದು, ಚಿಲ್ಲರೆ ಎಣಿಸಿ ಕೊಟ್ಟ. "ಅಪ್ಪನಿಗೆ ಇದು ಗೊತ್ತಾಗಬೇಕಿತ್ತು ಕಣೋ" ಎಂದ. ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಸ್ವಲ್ಪ ಹೊತ್ತಿನ ಮೇಲೆ, "ದೇವಸ್ಥಾನದಲ್ಲಿ ಶ್ರಾವಣಕ್ಕೆ ಗಮಕ ಇಟ್ಟಿದ್ದಾರಂತೆ. ವಿರಾಟಪರ್ವ. ನೀನು ಬರ್ತೀಯೋ?" ಎಂದು ಕೇಳಿದ.

ಬರುತ್ತೇನೆಂದು ಹೇಳಿದ್ದೇನೆ. ಈ ಸಲ ತೂಕಡಿಸಬಾರದೆಂದಿದ್ದೇನೆ.